ಕ್ಯಾನ್ಸರ್ ಸೆಲ್ ಬೆಳೆದ ಮೀಡಿಯಾ ಹಾಕಿದರೆ ರಕ್ತನಾಳದ ಸೆಲ್ ಜಾಸ್ತಿ ಆಗುತ್ತಿವೆ. ಇದು ಗಡ್ಡೆಯದೇ ಕೆಲಸ ಅಂತ ಹೇಗೆ ಹೇಳೋದು?

ಹೆಬ್ಬಾಳದ ಹುಡುಗ

ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಬಯೋಟೆಕ್, ಕೊನೆಯ ಸೆಮಿಸ್ಟರ್. ಪ್ರಾಜೆಕ್ಟ್ ಇಲ್ಲೇ ಬೆಂಗಳೂರಿನ ಒಂದು ಲ್ಯಾಬಿನಲ್ಲಿ. ಕೆಲಸ ಇಷ್ಟೇ: ಯು87 ಅನ್ನುವ ಮೆದುಳಿನ ಗಡ್ಡೆಯ ಸೆಲ್‌ಗಳನ್ನು ಬೆಳೆಸುವುದು, ಅವು ಇದ್ದ ಮೀಡಿಯಾ (ಸೆಲ್ ಬೆಳೆಸುವ ಪೋಷಕ ದ್ರವ) ತೆಗೆದು ಫಿಲ್ಟರ್ ಮಾಡುವುದು, ಅದನ್ನು ಹೊಕ್ಕುಳಬಳ್ಳಿಯಿಂದ ತೆಗೆದ ರಕ್ತನಾಳದ ಸೆಲ್‌ಗಳಿಗೆ ಹಾಕುವುದು. ಈ ರಕ್ತನಾಳದ ಸೆಲ್ಲನ್ನೇ ಲ್ಯಾಬಿನಲ್ಲಿ ಹ್ಯೂವೆಕ್ ಅನ್ನುತ್ತೇವೆ.

ಹಾಕಿದ ಪ್ಲೇಟಿನಲ್ಲಿ ಸೆಲ್ ಒತ್ತೊತ್ತಾಗಿವೆ. ಹಾಕದ ಪ್ಲೇಟಿನಲ್ಲಿ ಅಲ್ಲೊಂದು ಇಲ್ಲೊಂದು. ಎಂಟಿಟಿ (ಸೆಲ್ ಎಷ್ಟಿವೆ ಅಂತ ಬಣ್ಣದಿಂದ ಅಂದಾಜು ಮಾಡುವ ಪರೀಕ್ಷೆ) ರೀಡಿಂಗ್ ಕೂಡ ಹಾಗೇ ಬಂತು. ಖುಷಿಯಿಂದ ಗೈಡ್‌ಗೆ ತೋರಿಸಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಇದು ಗಡ್ಡೆಯದೇ ಕೆಲಸ ಅಂತ ಹೇಗೆ ಹೇಳ್ತೀಯ?" ಲ್ಯಾಬ್ ಮೀಟಿಂಗ್‌ನಲ್ಲಿ ಉತ್ತರ ಕೊಡಬೇಕು. ಪುಸ್ತಕದಲ್ಲಿ ವಿಇಜಿಎಫ್ (ರಕ್ತನಾಳದ ಸೆಲ್ ಬೆಳೆಸುವ ಪ್ರೋಟೀನ್) ಅಂತ ಒಂದು ಸಾಲು ಬರೆದು ಮುಗಿಸಿದ್ದಾರೆ. ಅಷ್ಟು ಹೇಳಿದರೆ ಸಾಕಾ?

ಲ್ಯಾಬ್ ಅಕ್ಕ

ಸಾಲದು. ಮೊದಲು ಇದನ್ನು ಹೇಳಿ. "ಹಾಕದ ಪ್ಲೇಟು" ಅಂದರೆ ಅದಕ್ಕೆ ಏನು ಹಾಕಿದಿರಿ? ಬಾಟಲಿಯಿಂದ ಆಗಷ್ಟೇ ತೆಗೆದ ಮೀಡಿಯಾ ಆದರೆ ಅದು ಸರಿಯಾದ ಕಂಟ್ರೋಲ್ (ಹೋಲಿಸಿ ನೋಡುವ ಪ್ಲೇಟು) ಅಲ್ಲ. ಅದೇ ಮೀಡಿಯಾ, ಅಷ್ಟೇ ಸೀರಮ್ (ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಡಿಸಿದ ತಿಳಿ ದ್ರವ), ಖಾಲಿ ಫ್ಲಾಸ್ಕಿನಲ್ಲಿ, ಅದೇ ಇನ್‌ಕ್ಯುಬೇಟರಿನಲ್ಲಿ, ಅಷ್ಟೇ ಗಂಟೆ ಇದ್ದು, ಅದೇ ಫಿಲ್ಟರಿನಲ್ಲಿ ಸೋಸಿರಬೇಕು.

ಎರಡನೆಯದು, ನಾರ್ಮಲ್ ಸೆಲ್ ಬೆಳೆದ ಮೀಡಿಯಾ. ಚರ್ಮದ ಫೈಬ್ರೋಬ್ಲಾಸ್ಟ್ ಅನ್ನುವ ಮಾಮೂಲಿ ಸೆಲ್ ಕೂಡ ಗ್ರೋತ್ ಫ್ಯಾಕ್ಟರ್ (ಸೆಲ್ ಬೆಳೆಸುವ ಅಂಶ) ಬಿಡುತ್ತದೆ. ಅದನ್ನು ಹಾಕಿದರೂ ನಿಮ್ಮ ಹ್ಯೂವೆಕ್ ಇಷ್ಟೇ ಜಾಸ್ತಿ ಆದರೆ ಗಡ್ಡೆಯ ಮಾತು ಅಲ್ಲಿಗೇ ಬಿತ್ತು.

ಮೂರನೆಯದು ಸೀರಮ್. ರಕ್ತ ಹೆಪ್ಪುಗಟ್ಟುವಾಗ ಪ್ಲೇಟ್‌ಲೆಟ್‌ಗಳು ಬಿಟ್ಟ ಬೆಳವಣಿಗೆಯ ಅಂಶಗಳೆಲ್ಲ ಅದರಲ್ಲೇ ಇರುತ್ತವೆ. ಯು87 ಅನ್ನು ಹತ್ತು ಪರ್ಸೆಂಟ್ ಸೀರಮ್‌ನಲ್ಲಿ ಬೆಳೆಸಿ ಅದನ್ನೇ ತಂದು ಹಾಕಿದರೆ, ಕೆಲಸ ಮಾಡಿದ್ದು ಕರುವಿನ ಸೀರಮ್ಮಾ, ಮನುಷ್ಯನ ಗಡ್ಡೆಯಾ?

ಇನ್ನೊಂದು. ಹ್ಯೂವೆಕ್ ಬೆಳೆಸಲು ಕೊಳ್ಳುವ ಮೀಡಿಯಾ ಕಿಟ್‌ಗಳನ್ನು ನೋಡಿ. ಹಲವು ಕಿಟ್‌ಗಳ ಸಪ್ಲಿಮೆಂಟ್ ಸೀಸೆಯಲ್ಲಿ ವಿಇಜಿಎಫ್, ಎಫ್‌ಜಿಎಫ್ ಅನ್ನುವ ಗ್ರೋತ್ ಫ್ಯಾಕ್ಟರ್‌ಗಳು ಮೊದಲೇ ಇರುತ್ತವೆ. ಡಬ್ಬದೊಳಗಿನ ಚೀಟಿ ಯಾರೂ ಓದುವುದಿಲ್ಲ.

ಹೆಬ್ಬಾಳದ ಹುಡುಗ

ಅಕ್ಕ, ಖಾಲಿ ಫ್ಲಾಸ್ಕ್ ಇಟ್ಟಿದ್ದೆ. ಪ್ರಯೋಗದ ಹಿಂದಿನ ರಾತ್ರಿಯೇ ಸಪ್ಲಿಮೆಂಟ್ ಇಲ್ಲದ ಮೀಡಿಯಾಗೆ ಬದಲಿಸುತ್ತೇವೆ. ಫೈಬ್ರೋಬ್ಲಾಸ್ಟ್ ಪಕ್ಕದ ಬೆಂಚಿನಲ್ಲಿ ಇವೆ, ಈ ವಾರವೇ ಶುರು ಮಾಡುತ್ತೇನೆ. ಆದರೆ ಸೀರಮ್ ಪೂರ್ತಿ ತೆಗೆದರೆ ಹ್ಯೂವೆಕ್ ಒಂದೇ ದಿನದಲ್ಲಿ ಮುದುಡಿ ಎದ್ದು ತೇಲುತ್ತವೆ. ಏನು ಮಾಡಲಿ?

ಲ್ಯಾಬ್ ಅಕ್ಕ

ಯು87 ಕಡೆ ಸೀರಮ್ ತೆಗೆಯಿರಿ, ಅವಕ್ಕೆ ಒಂದೆರಡು ದಿನ ಏನೂ ಆಗುವುದಿಲ್ಲ. ಹ್ಯೂವೆಕ್ ಕಡೆ ಒಂದೆರಡು ಪರ್ಸೆಂಟ್ ಇರಲಿ, ಎಲ್ಲ ಪ್ಲೇಟಿನಲ್ಲೂ ಒಂದೇ ಸಮ. ಗಡ್ಡೆ ಮೀಡಿಯಾವನ್ನು ಹಾಗೇ ಸುರಿಯಬೇಡಿ. ಅದರಲ್ಲಿದ್ದ ಗ್ಲೂಕೋಸನ್ನು ಯು87 ತಿಂದು ಲ್ಯಾಕ್ಟಿಕ್ ಆಸಿಡ್ ಬಿಟ್ಟಿರುತ್ತವೆ, ಬಣ್ಣ ಹಳದಿಗೆ ತಿರುಗಿರುವುದು ಅದಕ್ಕೇ. ಹೊಸ ಮೀಡಿಯಾ ಅರ್ಧ, ಅದು ಅರ್ಧ. ಆಮೇಲೆ ಕಾಲು, ಆಮೇಲೆ ಹತ್ತರಲ್ಲಿ ಒಂದು. ಡೋಸ್ ಇಳಿದ ಹಾಗೆ ಬೆಳವಣಿಗೆಯೂ ಇಳಿಯಬೇಕು.

ಸುಮ್ನೆ ಕೇಳ್ತೀನಿ

ಎಂಟಿಟಿ ರೀಡಿಂಗ್ ಅಂದಿರಲ್ಲ, ಅದು ಸೆಲ್ ಎಣಿಕೆ ಅಲ್ಲ. ಸೆಲ್ ಒಳಗೆ ಹಳದಿ ಪುಡಿ ನೇರಳೆ ಆಗುವುದನ್ನು ಅಳೆಯುತ್ತೀರಿ. ಸೆಲ್ ಅಷ್ಟೇ ಇದ್ದು, ಅವುಗಳ ಚಟುವಟಿಕೆ ಜಾಸ್ತಿ ಆದರೂ ನೇರಳೆ ಜಾಸ್ತಿ ಬರುತ್ತದೆ. ಹಳೇ ಕಾಲದ ಥೈಮಿಡಿನ್ ಪ್ರಯೋಗಕ್ಕೂ (ಹೊಸ ಡಿಎನ್‌ಎಗೆ ಸೇರುವ ರೇಡಿಯೋ ಥೈಮಿಡಿನ್ ಅಳೆದು ಬೆಳವಣಿಗೆ ನೋಡುವುದು) ಇಂಥದ್ದೇ ತೊಡಕು. ಸೆಲ್ ಜೊತೆ ಮೈಕೋಪ್ಲಾಸ್ಮಾ ಅನ್ನುವ ಸಣ್ಣ ಬ್ಯಾಕ್ಟೀರಿಯಾ ಸೇರಿಕೊಂಡಿದ್ದರೆ ರೇಡಿಯೋ ಥೈಮಿಡಿನ್ ಅದರ ಹೊಟ್ಟೆಗೆ ಹೋಗುತ್ತದೆ, ಲೆಕ್ಕ ಪೂರಾ ಎಕ್ಕುಟ್ಟಿ ಹೋಗುತ್ತದೆ.

ಟ್ರಿಪ್ಸಿನ್ ಅನ್ನುವ ಕಿಣ್ವ ಹಾಕಿ ಸೆಲ್ಲನ್ನು ಪ್ಲೇಟಿನಿಂದ ಎಬ್ಬಿಸಿ. ಟ್ರಿಪಾನ್ ಬ್ಲೂ ಬಣ್ಣ ಬೆರೆಸಿ. ಕೌಂಟಿಂಗ್ ಚೇಂಬರಿನಲ್ಲಿ ಒಂದು ಹನಿ ಬಿಟ್ಟು ಗೆರೆ ಎಳೆದ ಚೌಕಗಳಲ್ಲಿ ಕಣ್ಣಾರೆ ಎಣಿಸಿ. ಸತ್ತದ್ದು ನೀಲಿ, ಬದುಕಿದ್ದು ಅಂಚಲ್ಲಿ ಹೊಳೆಯುತ್ತದೆ. ಬೋರ್ ಹೊಡೆಯುತ್ತೆ, ನಿಜ. ಆದರೆ ಆ ಸಂಖ್ಯೆ ಜೊತೆ ಯಾರೂ ಜಗಳ ಆಡುವುದಿಲ್ಲ.

ಮಲ್ಲೇಶ್ವರಂ ಮೇಷ್ಟ್ರು

ನಿಮ್ಮ ಗೈಡ್ ಕೇಳಿದ ಪ್ರಶ್ನೆಗೆ ಜಗತ್ತು ಉತ್ತರ ಹುಡುಕಿದ್ದು ಸುಮಾರು ಎರಡು ದಶಕ. ರಿಟೈರ್ ಆಗಿದ್ದೇನೆ, ಪುರುಸೊತ್ತಿದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಡದವರು ದಾಟಿಕೊಂಡು ಹೋಗಿ.

ಜೂಡಾ ಫೋಕ್‌ಮನ್ ಅಂತ ಅಮೆರಿಕದ ಸರ್ಜನ್. 1960ರ ದಶಕದ ಮೊದಲಲ್ಲಿ ಅಲ್ಲಿನ ನೌಕಾಪಡೆಯ ಲ್ಯಾಬಿನಲ್ಲಿದ್ದರು. ಯುದ್ಧನೌಕೆಯಲ್ಲಿ ಬಹಳ ದಿನ ಇಡಬಹುದಾದ ರಕ್ತದ ಬದಲಿ ಬೇಕಿತ್ತು. ಅದಕ್ಕೆ ಹಿಮೋಗ್ಲೋಬಿನ್ ದ್ರಾವಣ ಮಾಡಿ, ಪ್ರಾಣಿಯ ಥೈರಾಯ್ಡ್ ಗ್ರಂಥಿಯನ್ನು ದೇಹದಿಂದ ಹೊರಗಿಟ್ಟು, ಅದರ ಮೂಲಕ ಈ ದ್ರಾವಣ ಹರಿಸಿ ನೋಡುತ್ತಿದ್ದರು. ಆ ಗ್ರಂಥಿಯೊಳಗೆ ಗಡ್ಡೆಯ ಸೆಲ್ ಇಟ್ಟರೆ ಗಡ್ಡೆ ಒಂದೆರಡು ಮಿಲಿಮೀಟರ್ ಬೆಳೆದು ನಿಂತುಬಿಡುತ್ತಿತ್ತು. ಸತ್ತಿರಲಿಲ್ಲ. ಅದೇ ಗಡ್ಡೆಯನ್ನು ಇಲಿಗೆ ಹಾಕಿದರೆ ಮತ್ತೆ ಬೆಳೆಯುತ್ತಿತ್ತು. ವ್ಯತ್ಯಾಸ ಏನು ಅಂತ ನೋಡಿದರೆ, ಗ್ರಂಥಿಯಲ್ಲಿ ಗಡ್ಡೆಗೆ ಹೊಸ ರಕ್ತನಾಳ ಬಂದಿರಲಿಲ್ಲ, ಇಲಿಯಲ್ಲಿ ಬಂದಿತ್ತು.

1971ರಲ್ಲಿ ಅವರು ಈ ವಾದವನ್ನು ಪೂರ್ತಿಯಾಗಿ ಬರೆದರು. ಗಡ್ಡೆ ಏನೋ ಒಂದನ್ನು ಹೊರಗೆ ಬಿಟ್ಟು ಅಕ್ಕಪಕ್ಕದ ರಕ್ತನಾಳವನ್ನು ತನ್ನ ಕಡೆ ಕರೆಸಿಕೊಳ್ಳುತ್ತದೆ. ಅದನ್ನು ತಡೆದರೆ ಗಡ್ಡೆ ಸಣ್ಣದಾಗಿಯೇ ಉಳಿಯುತ್ತದೆ. ಅದೇ ವರ್ಷ ಅವರ ತಂಡ ಇಲಿಯ ವಾಕರ್ ಗಡ್ಡೆಯಿಂದ ಒಂದು ಸಾರ ತೆಗೆದು, ಟ್ಯೂಮರ್ ಆ್ಯಂಜಿಯೋಜೆನೆಸಿಸ್ ಫ್ಯಾಕ್ಟರ್ (ಗಡ್ಡೆಗೆ ಹೊಸ ರಕ್ತನಾಳ ಚಿಗುರಿಸುವ ಅಂಶ) ಅಂತ ಹೆಸರಿಟ್ಟಿತು. ಅದರಲ್ಲಿ ಆರ್‌ಎನ್‌ಎ ಇದೆ ಅಂತಲೂ ಬರೆದಿದ್ದರು. ಆಮೇಲೆ ಶುದ್ಧವಾಗಿ ಸಿಕ್ಕ ಮುಖ್ಯ ಅಂಶಗಳು ಪ್ರೋಟೀನ್‌ಗಳು. ಅದಕ್ಕೇ ಹೇಳುವುದು, ಸಾರ ಸಿಗುವುದು ಬೇರೆ, ಅದರೊಳಗಿನ ಕೆಲಸಗಾರ ಸಿಗುವುದು ಬೇರೆ.

ಆದರೆ ಆಗ ಪರೀಕ್ಷೆ ಮಾಡುವುದು ಯಾವುದರ ಮೇಲೆ? ರಕ್ತನಾಳದ ಒಳಪದರದ ಸೆಲ್ಲನ್ನು ಡಿಶ್‌ನಲ್ಲಿ ಬೆಳೆಸಲು ಬರುತ್ತಲೇ ಇರಲಿಲ್ಲ. ಮೊಟ್ಟೆಯ ಪೊರೆ, ಮೊಲದ ಕಣ್ಣಿನ ಕಾರ್ನಿಯಾ, ಇವೇ ಗತಿ. 1973ರಲ್ಲಿ ನ್ಯೂಯಾರ್ಕಿನಲ್ಲಿ ಎರಿಕ್ ಜಾಫಿ ಮತ್ತು ಜೊತೆಯವರು ಹೊಕ್ಕುಳಬಳ್ಳಿಯಿಂದ ಈ ಸೆಲ್ ತೆಗೆದು ಬೆಳೆಸುವ ದಾರಿ ತೋರಿಸಿದರು. ಮರುವರ್ಷ ಗಿಂಬ್ರೋನ್ ಮತ್ತು ಫೋಕ್‌ಮನ್ ತಂಡವೂ ತನ್ನ ವಿಧಾನ ಪ್ರಕಟಿಸಿತು. ನೀವು ಈಗ ಬೆಳೆಸುತ್ತಿರುವುದು ಅದೇ ಸೆಲ್.

ಕಾಡುಮಲ್ಲಿಗೆ

ನಾನು ಕಾಮರ್ಸ್ ಓದಿದವಳು, ತಪ್ಪಿದ್ದರೆ ಹೇಳಿ. ದೇಹದ ತುಂಬ ರಕ್ತನಾಳ ಇವೆ. ಗಡ್ಡೆಗೆ ಬೇರೆಯದೇ ಯಾಕೆ ಬೇಕು? ಇರುವುದೇ ಸಾಲದಾ?

ಲ್ಯಾಬ್ ಅಕ್ಕ

ರಕ್ತನಾಳದಿಂದ ಆಮ್ಲಜನಕ ಮಾಂಸದೊಳಗೆ ಹರಡುವುದು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಿಂದ ಐದನೇ ಒಂದು ಭಾಗದಷ್ಟು ದೂರ ಮಾತ್ರ. ಗಡ್ಡೆ ದಪ್ಪ ಆದಂತೆ ನಡುವಿನ ಸೆಲ್‌ಗಳು ಆ ಗಡಿಯಾಚೆ ಉಳಿಯುತ್ತವೆ, ಉಸಿರಿಲ್ಲದೆ ಒದ್ದಾಡುತ್ತವೆ.

ಕಾಡುಮಲ್ಲಿಗೆ

ಓ! ಹಾಗಾದರೆ ಒದ್ದಾಡುವ ಸೆಲ್ಲೇ ಕೂಗಿ ಕರೆಯುವುದಾ?

ಮಲ್ಲೇಶ್ವರಂ ಮೇಷ್ಟ್ರು

ಸರಿಯಾಗಿ ಹಿಡಿದಿರಿ ತಾಯಿ. ಆಮ್ಲಜನಕ ಕಡಿಮೆ ಆದಾಗ ಎಚ್‌ಐಎಫ್ ಅನ್ನುವ ಪ್ರೋಟೀನ್ ಸೆಲ್ಲಿನಲ್ಲಿ ನಾಶವಾಗದೆ ಉಳಿದು ವಿಇಜಿಎಫ್ ಜೀನನ್ನು ಚಾಲೂ ಮಾಡುತ್ತದೆ. ಆಮ್ಲಜನಕ ಸಾಕಷ್ಟಿದ್ದರೆ ಅದು ಹುಟ್ಟಿದ ಕೂಡಲೇ ನಾಶವಾಗುತ್ತದೆ. ಈ ವ್ಯವಸ್ಥೆ ಬಿಡಿಸಿದ್ದಕ್ಕೆ ಕೇಲಿನ್, ರ‍್ಯಾಟ್‌ಕ್ಲಿಫ್, ಸೆಮೆನ್ಜಾ ಮೂವರಿಗೂ 2019ರ ನೊಬೆಲ್ ಬಂತು. ಹೆಬ್ಬಾಳದ ಹುಡುಗನಿಗೆ ಹತ್ತಿರದ ಸುದ್ದಿ ಇನ್ನೊಂದಿದೆ. 1992ರಲ್ಲೇ ಮೆದುಳಿನ ಗ್ಲಿಯೋಬ್ಲಾಸ್ಟೋಮಾ ಗಡ್ಡೆಗಳಲ್ಲಿ ಸತ್ತ ಭಾಗದ ಅಂಚಿನ ಸೆಲ್‌ಗಳೇ ವಿಇಜಿಎಫ್ ಜಾಸ್ತಿ ಮಾಡುತ್ತವೆ ಅಂತ ಕಂಡಿತ್ತು. ನಿಮ್ಮ ಯು87 ಆ ಜಾತಿಯದೇ. ಒಂದು ಪರ್ಸೆಂಟ್ ಆಮ್ಲಜನಕದಲ್ಲಿ ಇಡುವ ಇನ್‌ಕ್ಯುಬೇಟರ್ ಸಿಕ್ಕರೆ ಆ ಮೀಡಿಯಾವನ್ನೂ ಹಾಕಿ ನೋಡಿ.

ಸುಮ್ನೆ ಕೇಳ್ತೀನಿ

ಮೇಷ್ಟ್ರೇ, 1973ಕ್ಕೆ ಸೆಲ್ ಸಿಕ್ಕಿತು. ಆ ಸಾರದಲ್ಲಿ ಇದ್ದದ್ದು ಏನು ಅಂತ ಯಾವಾಗ ಗೊತ್ತಾಯಿತು?

ಮಲ್ಲೇಶ್ವರಂ ಮೇಷ್ಟ್ರು

ಅದೇ ಕಥೆಯ ರುಚಿಯಾದ ಭಾಗ. ಹೊಕ್ಕುಳಬಳ್ಳಿಯದು ದೊಡ್ಡ ರಕ್ತನಾಳ. ಗಡ್ಡೆಗೆ ಹೋಗುವ ಹೊಸ ನಾಳ ಚಿಗುರುವುದು ಕೂದಲಿಗಿಂತ ಸಣ್ಣ ಕ್ಯಾಪಿಲರಿ, ಸಣ್ಣ ಅಭಿಧಮನಿಗಳಿಂದ. ಕ್ಯಾಪಿಲರಿ ಸೆಲ್ ಬೆಳೆಸುವುದು ಇನ್ನೂ ಕಷ್ಟ. 1979ರಲ್ಲಿ ಫೋಕ್‌ಮನ್, ಹೌಡೆನ್‌ಶಿಲ್ಡ್, ಜೆಟರ್ ಅದನ್ನು ತಿಂಗಳುಗಟ್ಟಲೆ ಬೆಳೆಸಿದರು. ಏನು ಹಾಕಿ ಗೊತ್ತಾ? ಜೆಲಾಟಿನ್ ಬಳಿದ ಪ್ಲೇಟು, ಜೊತೆಗೆ ಇಲಿಯ ಸಾರ್ಕೋಮಾ ಅನ್ನುವ ಗಡ್ಡೆಯ ಸೆಲ್ ಬೆಳೆದ ಮೀಡಿಯಾ. ನೀವು ಪ್ರಶ್ನೆಯಾಗಿ ಇಟ್ಟುಕೊಂಡದ್ದು ಅವರಿಗೆ ಆಹಾರವಾಗಿತ್ತು. ಮರುವರ್ಷ ಅದೇ ಸೆಲ್‌ಗಳು ಡಿಶ್‌ನಲ್ಲೇ ಕೊಳವೆ ಕಟ್ಟಿದವು.

1984ರಲ್ಲಿ ಶಿಂಗ್ ಮತ್ತು ಕ್ಲಾಗ್ಸ್‌ಬ್ರನ್ ಇಲಿಯ ಕೊಂಡ್ರೋಸಾರ್ಕೋಮಾ ಗಡ್ಡೆಯ ಸಾರವನ್ನು ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ಮಾಡುವ ವಸ್ತು) ಅಂಟಿಸಿದ ಕಾಲಮ್ (ಸೋಸುವ ಕೊಳವೆ) ಮೇಲೆ ಬಿಟ್ಟರು. ಕ್ಯಾಪಿಲರಿ ಸೆಲ್ ಬೆಳೆಸುವ ಅಂಶ ಹೆಪಾರಿನ್‌ಗೆ ಕಚ್ಚಿಕೊಂಡಿತು. ಉಳಿದ ಕಸವೆಲ್ಲ ತೊಳೆದುಹೋಯಿತು. ಜಾಸ್ತಿ ಉಪ್ಪು ಹಾಕಿ ಅದನ್ನು ಬಿಡಿಸಿಕೊಂಡರು. ವರ್ಷಗಟ್ಟಲೆ ಶುದ್ಧ ಮಾಡಲು ಆಗದ್ದು ಒಂದು ಕಾಲಮ್‌ನಲ್ಲಿ ಆಯಿತು. ಅದೇ ಇವತ್ತಿನ ಎಫ್‌ಜಿಎಫ್-2. ತಮಾಷೆ ಅಂದರೆ ಇದು ನಾರ್ಮಲ್ ಮೆದುಳು, ಅದರ ಕೆಳಗಿನ ಪಿಟ್ಯುಟರಿ ಗ್ರಂಥಿಯಲ್ಲೂ ಇದೆ. ಗಡ್ಡೆಯ ಸ್ವಂತ ಆಸ್ತಿ ಏನಲ್ಲ.

ಅತ್ತ 1983ರಲ್ಲಿ ಸೆಂಗರ್ ಮತ್ತು ಡ್ವೊರಾಕ್ ಬೇರೆಯದೇ ಹುಡುಕುತ್ತಿದ್ದರು. ಗಿನಿ ಪಿಗ್ ಗಡ್ಡೆಯ ಸೆಲ್‌ಗಳು ಬಿಡುವ ಯಾವುದೋ ಪ್ರೋಟೀನ್ ರಕ್ತನಾಳವನ್ನು ಸೋರುವಂತೆ ಮಾಡುತ್ತಿತ್ತು. ರಕ್ತಕ್ಕೆ ಬಣ್ಣ ಬಿಟ್ಟು, ಚರ್ಮದಲ್ಲಿ ಅದು ಎಲ್ಲೆಲ್ಲಿ ಸೋರುತ್ತದೆ ಅಂತ ನೋಡುವ ಪ್ರಯೋಗ. ಅದಕ್ಕೆ ವಿಪಿಎಫ್ (ನಾಳ ಸೋರಿಸುವ ಅಂಶ) ಅಂದರು. 1989ರಲ್ಲಿ ಅಮೆರಿಕದ ಔಷಧ ಕಂಪನಿ ಜೆನೆನ್‌ಟೆಕ್‌ನ ಫೆರಾರಾ ಮತ್ತು ಹೆನ್ಜೆಲ್ ಹಸುವಿನ ಪಿಟ್ಯುಟರಿ ಸೆಲ್ ಬೆಳೆದ ಮೀಡಿಯಾದಿಂದ ರಕ್ತನಾಳದ ಸೆಲ್ಲನ್ನು ಮಾತ್ರ ಬೆಳೆಸುವ ಪ್ರೋಟೀನ್ ಶುದ್ಧ ಮಾಡಿ ವಿಇಜಿಎಫ್ ಅಂದರು. ಅದೇ ವರ್ಷ ಎರಡರ ಜೀನನ್ನೂ ಓದಿದರು. ಎರಡೂ ಒಂದೇ! ಒಬ್ಬರು ಸೋರಿಕೆ ಹಿಡಿದು ಹೋದರು, ಇನ್ನೊಬ್ಬರು ಬೆಳವಣಿಗೆ ಹಿಡಿದು ಬಂದರು.

ಹೆಬ್ಬಾಳದ ಹುಡುಗ

ಸರ್, ಇದು ಯಾವ ಕ್ಲಾಸಿನಲ್ಲೂ ಹೇಳಲಿಲ್ಲ. ಹಾಗಾದರೆ ಎಫ್‌ಜಿಎಫ್ ಬಿಟ್ಟು ವಿಇಜಿಎಫ್‌ಗೇ ಎಲ್ಲರೂ ಯಾಕೆ ಅಂಟಿಕೊಂಡರು?

ಮಲ್ಲೇಶ್ವರಂ ಮೇಷ್ಟ್ರು

ಎಫ್‌ಜಿಎಫ್-2 ಸಿಕ್ಕಸಿಕ್ಕ ಸೆಲ್ಲನ್ನೆಲ್ಲ ಬೆಳೆಸುತ್ತದೆ, ಫೈಬ್ರೋಬ್ಲಾಸ್ಟ್, ನಯ ಸ್ನಾಯು, ಎಲ್ಲ. ಮೇಲಾಗಿ ಸೆಲ್‌ನಿಂದ ಹೊರಬರಲು ಬೇಕಾದ ಮಾಮೂಲಿ ಸಿಗ್ನಲ್ ಅದರಲ್ಲಿ ಇಲ್ಲ. ಬೇರೆ ದಾರಿಯಲ್ಲಿ ಹೊರಗೆ ಬಂದು ಸುತ್ತಲಿನ ಹೆಪರಾನ್ ಸಲ್ಫೇಟ್ ಅನ್ನುವ ಸಕ್ಕರೆ ಸರಪಳಿ‌ಗೆ ಅಂಟಿ ಕೂರುತ್ತದೆ. ವಿಇಜಿಎಫ್ ಸಲೀಸಾಗಿ ಹೊರಬರುತ್ತದೆ, ಅದನ್ನು ಹಿಡಿಯುವ ರಿಸೆಪ್ಟರ್ ಮುಖ್ಯವಾಗಿ ರಕ್ತನಾಳದ ಸೆಲ್ ಮೇಲೇ ಇದೆ. ಗುರಿ ಇಡಲು ಅದೇ ಸುಲಭ. 1993ರಲ್ಲಿ ಫೆರಾರಾ ತಂಡ ವಿಇಜಿಎಫ್‌ಗೆ ಆಂಟಿಬಾಡಿ ಕೊಟ್ಟು ಇಲಿಗಳಲ್ಲಿ ಮನುಷ್ಯನ ಗಡ್ಡೆಯ ಬೆಳವಣಿಗೆ ಕುಗ್ಗಿಸಿತು. ಸ್ವಾರಸ್ಯ ಇಲ್ಲಿದೆ. ಅದೇ ಆಂಟಿಬಾಡಿ ಡಿಶ್‌ನಲ್ಲಿ ಆ ಗಡ್ಡೆಯ ಸೆಲ್‌ಗಳಿಗೆ ಏನೂ ಮಾಡಲಿಲ್ಲ. ಪೆಟ್ಟು ಬಿದ್ದದ್ದು ರಕ್ತನಾಳಕ್ಕೆ.

ಜಯನಗರ 4ನೇ ಬ್ಲಾಕ್

ಇದೇ ವಿಷಯ ಅಂತ ಕೇಳುತ್ತಿದ್ದೇನೆ. ನಮ್ಮ ಅತ್ತೆಗೆ ದೊಡ್ಡ ಕರುಳಿನ ಕ್ಯಾನ್ಸರ್, ಲಿವರಿಗೂ ಹೋಗಿದೆ. ಕೀಮೋ ಜೊತೆ ಬೆವಾಸಿಜುಮ್ಯಾಬ್ ಕೊಡುತ್ತಿದ್ದಾರೆ. ರಕ್ತನಾಳ ತಡೆಯುತ್ತೆ ಅಂದರು. ಗಡ್ಡೆಗೆ ಊಟ ನಿಂತರೆ ಅದು ಸಾಯಬೇಕಲ್ವಾ? ಸ್ಕ್ಯಾನಿನಲ್ಲಿ ಸ್ವಲ್ಪ ಸಣ್ಣ ಆಗಿದೆ, ಹೋಗಿಲ್ಲ.

ರಾತ್ರಿ ಪಾಳಿ ಡಾಕ್ಟ್ರು

ಅಮ್ಮ, ಅವರ ಟ್ರೀಟ್‌ಮೆಂಟ್ ಬಗ್ಗೆ ಅವರ ಡಾಕ್ಟರ ಮಾತೇ ಕೊನೆ. ಇಲ್ಲಿ ಔಷಧದ ಬಗ್ಗೆ ಮಾತ್ರ ಹೇಳುತ್ತೇನೆ. ಬೆವಾಸಿಜುಮ್ಯಾಬ್ ಅಂದರೆ ವಿಇಜಿಎಫ್ ಹಿಡಿದು ತಡೆಯುವ ಆಂಟಿಬಾಡಿ.

ಅಮೆರಿಕದಲ್ಲಿ ಇದಕ್ಕೆ 2004ರ ಫೆಬ್ರುವರಿಯಲ್ಲಿ ಒಪ್ಪಿಗೆ ಸಿಕ್ಕಿತು, ಹರಡಿದ ಕರುಳಿನ ಕ್ಯಾನ್ಸರಿಗೇ. ಆ ದೊಡ್ಡ ಟ್ರಯಲ್‌ನಲ್ಲಿ ಕೀಮೋ ಮಾತ್ರ ಪಡೆದವರ ಮಧ್ಯಮ ಆಯಸ್ಸು 15.6 ತಿಂಗಳು, ಇದನ್ನೂ ಸೇರಿಸಿದವರದು 20.3 ತಿಂಗಳು. ಲಾಭ ನಿಜ, ಪವಾಡ ಅಲ್ಲ. ಸ್ತನ ಕ್ಯಾನ್ಸರಿಗೆ 2008ರಲ್ಲಿ ಅಲ್ಲಿ ಕೊಟ್ಟ ಒಪ್ಪಿಗೆಯನ್ನು 2011ರಲ್ಲಿ ಹಿಂದಕ್ಕೆ ಪಡೆದರು.

ಯಾಕೆ ಪೂರ್ತಿ ಸಾಯುವುದಿಲ್ಲ ಅಂದರೆ, ಒಂದು ಬಾಗಿಲು ಮುಚ್ಚಿದರೆ ಗಡ್ಡೆ ಎಫ್‌ಜಿಎಫ್ ಥರದ ಇನ್ನೊಂದು ಬಾಗಿಲು ತೆಗೆಯುತ್ತದೆ. ಕೆಲವು ಗಡ್ಡೆಗಳು ಇರುವ ರಕ್ತನಾಳದ ಉದ್ದಕ್ಕೇ ಹಬ್ಬುತ್ತವೆ, ಹೊಸದು ಬೇಕಾಗುವುದೇ ಇಲ್ಲ. ಮತ್ತೆ, ಔಷಧದ ಕೆಲಸ ಬರೀ ಹಸಿವಿನಿಂದ ಸಾಯಿಸುವುದು ಅಂತಲೂ ಅಲ್ಲ. ಐಐಟಿ ಕಾನ್ಪುರದಲ್ಲಿ ಓದಿದ ರಾಕೇಶ್ ಜೈನ್ 2001ರಲ್ಲಿ ಒಂದು ಉಲ್ಟಾ ಮಾತು ಹೇಳಿದರು. ಗಡ್ಡೆಯ ರಕ್ತನಾಳ ಸೊಟ್ಟಪಟ್ಟ, ಸೋರುತ್ತಿರುತ್ತದೆ. ವಿಇಜಿಎಫ್ ತಡೆದರೆ ಅದು ಕೆಲವು ದಿನ ನೆಟ್ಟಗಾಗುತ್ತದೆ, ಆಗ ಕೀಮೋ ಔಷಧ ಒಳಗೆ ಚೆನ್ನಾಗಿ ತಲುಪುತ್ತದೆ ಅಂತ. ಕೀಮೋ ಜೊತೆ ಯಾಕೆ ಕೊಡುತ್ತಾರೆ ಅನ್ನುವುದಕ್ಕೆ ಇದೂ ಒಂದು ವಿವರಣೆ.

ಮನೆಯಲ್ಲಿ ಬಿಪಿ ನೋಡುತ್ತಿರಿ, ಈ ಔಷಧಕ್ಕೆ ಬಿಪಿ ಏರುತ್ತದೆ. ಗಾಯ ನಿಧಾನವಾಗಿ ಮಾಯುತ್ತದೆ. ಆಪರೇಷನ್ ಇದ್ದರೆ ಹಿಂದೆ ಮುಂದೆ ಕನಿಷ್ಠ 28 ದಿನ ಬಿಡುತ್ತಾರೆ. ಹಲ್ಲು ಕೀಳಿಸುವುದಿದ್ದರೂ ಮೊದಲು ಅವರ ಡಾಕ್ಟರನ್ನು ಕೇಳಿ.

ಜಯನಗರ 4ನೇ ಬ್ಲಾಕ್

ತುಂಬಾ ಥ್ಯಾಂಕ್ಸ್ ಡಾಕ್ಟ್ರೇ. ಹಲ್ಲಿನ ವಿಷಯ ಒಳ್ಳೇ ಹೊತ್ತಿಗೆ ಹೇಳಿದಿರಿ, ಅಪಾಯಿಂಟ್‌ಮೆಂಟ್ ತಗೊಂಡಿದ್ದೆವು. ಬಿಲ್ ಕೂಡ ಕಮ್ಮಿ ಇಲ್ಲ.

ರಾತ್ರಿ ಪಾಳಿ ಡಾಕ್ಟ್ರು

ಬಯೋಸಿಮಿಲರ್ (ಮೂಲ ಔಷಧಕ್ಕೆ ಹತ್ತಿರ ಹೋಲುವಂತೆ ಬೇರೆ ಕಂಪನಿ ಮಾಡಿದ್ದು) ಇವೆಯಾ ಅಂತ ಕೇಳಿ. ನಮ್ಮ ಬೆಂಗಳೂರಿನ ಬಯೋಕಾನ್ 2017ರಲ್ಲಿ ಕ್ರಾಬೆವಾ ಅಂತ ತಂದಿತು, ಬೇರೆ ಕಂಪನಿಗಳದ್ದೂ ಇವೆ. ಯಾವುದು ಹೊಂದುತ್ತೆ ಅಂತ ಅವರೇ ಹೇಳಲಿ. ಡಯಾಬಿಟಿಸ್‌ನಿಂದ ಕಣ್ಣಿನೊಳಗಿನ ರಕ್ತನಾಳ ಸೋರುವವರಿಗೂ ಇದೇ ಔಷಧವನ್ನು ಚೂರೇ ಚೂರು ಕಣ್ಣೊಳಗೆ ಚುಚ್ಚುತ್ತಾರೆ. ಸೋರಿಸುವುದೂ ಬೆಳೆಸುವುದೂ ಒಂದೇ ಪ್ರೋಟೀನ್ ಅಂತ ಮೇಷ್ಟ್ರು ಹೇಳಿದರಲ್ಲ, ಅದಕ್ಕೇ.

ಅಡುಗೆಮನೆ ವಿಜ್ಞಾನ

ಇಷ್ಟೆಲ್ಲ ಯಾಕೆ? ಅರಿಶಿನದಲ್ಲಿರುವ ಕರ್ಕ್ಯುಮಿನ್ ವಿಇಜಿಎಫ್ ತಡೆಯುತ್ತೆ ಅಂತ ಪೇಪರ್ ಬಂದಿದೆ. ದಿನಾ ಹಾಲಿಗೆ ಹಾಕಿ ಕುಡಿಯಿರಿ.

ಸುಮ್ನೆ ಕೇಳ್ತೀನಿ

ಡಿಶ್‌ನಲ್ಲಿ ತಡೆಯುತ್ತೆ ಸ್ವಾಮಿ. ಡಿಶ್‌ನಲ್ಲಿ ಬ್ಲೀಚಿಂಗ್ ಪೌಡರ್ ಕೂಡ ತಡೆಯುತ್ತೆ. ಕರ್ಕ್ಯುಮಿನ್ ಬಾಯಲ್ಲಿ ತಗೊಂಡರೆ ರಕ್ತಕ್ಕೆ ಸೇರುವುದು ಅತ್ಯಲ್ಪ. ಅದೂ ಅಲ್ಲದೆ ಅದಕ್ಕೆ ತನ್ನದೇ ಹಳದಿ ಬಣ್ಣ, ತನ್ನದೇ ಹೊಳಪು. ಬಣ್ಣ ಅಳೆಯುವ ಪರೀಕ್ಷೆಯಲ್ಲಿ ಲೆಕ್ಕ ತಪ್ಪಿಸುವುದಕ್ಕೆ ಹೆಸರುವಾಸಿ. ಅರಿಶಿನ ಹಾಲು ಕುಡಿಯಿರಿ, ಬೇಡ ಅನ್ನಲ್ಲ. ಕೀಮೋ ನಡೆಯುವಾಗ ಮಾತ್ರೆ ರೂಪದಲ್ಲಿ ನುಂಗುವುದಿದ್ದರೆ ಡಾಕ್ಟರಿಗೆ ಹೇಳಿ ನುಂಗಿ.

ಲ್ಯಾಬ್ ಅಕ್ಕ

ಮತ್ತೆ ಹುಡುಗನ ಪ್ಲೇಟಿಗೆ ಬರೋಣ. ಹ್ಯೂವೆಕ್ ನೀವೇ ತೆಗೆಯುತ್ತೀರಾ, ಕೊಳ್ಳುತ್ತೀರಾ?

ಹೆಬ್ಬಾಳದ ಹುಡುಗ

ನಾವೇ ಅಕ್ಕ. ಎಥಿಕ್ಸ್ ಕಮಿಟಿ ಒಪ್ಪಿಗೆ ಇದೆ, ತಾಯಂದಿರ ಸಹಿ ತಗೊಂಡು ಹೆರಿಗೆ ಆಸ್ಪತ್ರೆಯಿಂದ ಬಳ್ಳಿ ತರುತ್ತೇವೆ.

ಲ್ಯಾಬ್ ಅಕ್ಕ

ಹಾಗಿದ್ದರೆ ಅಲ್ಲೂ ಕಣ್ಣಿಡಿ. ಬಳ್ಳಿಯ ತುದಿ ಕತ್ತರಿಸಿದರೆ ಮೂರು ಬಾಯಿ ಕಾಣುತ್ತವೆ. ಎರಡು ಅಪಧಮನಿ, ಗೋಡೆ ಗಟ್ಟಿ, ಬಾಯಿ ಬಿಗಿದುಕೊಂಡಿರುತ್ತದೆ. ಒಂದು ಅಭಿಧಮನಿ, ಸಡಿಲ, ಅಗಲ. ಅದಕ್ಕೆ ಕ್ಯಾನುಲಾ ಕಟ್ಟಿ, ಬಫರ್ ಹಾಯಿಸಿ, ಬರುವ ನೀರು ತಿಳಿಯಾಗುವವರೆಗೆ ರಕ್ತ ತೊಳೆಯಬೇಕು. ಆಮೇಲೆ ಕೊಲ್ಲಾಜಿನೇಸ್ ಅನ್ನುವ, ಸೆಲ್ ಬಿಡಿಸುವ ಕಿಣ್ವ ತುಂಬಿ ಎರಡೂ ತುದಿ ಬಿಗಿದು ಬೆಚ್ಚಗೆ ಇಡುವುದು. ಹೊತ್ತು ಮೀರಿದರೆ ಒಳಪದರದ ಜೊತೆ ಕೆಳಗಿನ ನಯ ಸ್ನಾಯುವಿನ ಸೆಲ್ ಕೂಡ ಕಿತ್ತು ಬರುತ್ತವೆ. ಗಡ್ಡೆ ಮೀಡಿಯಾದಲ್ಲಿ ಬೆಳೆದದ್ದು ಅವೇ ಇರಬಹುದು!

ಒಳ್ಳೇ ಹ್ಯೂವೆಕ್ ಪ್ಲೇಟು ತುಂಬಿದಾಗ ಕಲ್ಲು ಹಾಸಿದ ಅಂಗಳದ ಹಾಗೆ ಕಾಣುತ್ತದೆ, ಒಂದರ ಮೇಲೊಂದು ಏರುವುದಿಲ್ಲ. ಉದ್ದುದ್ದ ಸೆಲ್ ಗುಡ್ಡೆ ಗುಡ್ಡೆಯಾಗಿ ಕಂಡರೆ ಅನುಮಾನ ಪಡಿ. ರಕ್ತನಾಳದ ಒಳಪದರದ ಸೆಲ್ಲಿನ ಗುರುತಾದ ಸಿಡಿ31, ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ ಎರಡಕ್ಕೂ ಸ್ಟೇನ್ ಮಾಡಿ ಫೋಟೋ ಇಟ್ಟುಕೊಳ್ಳಿ. ಪ್ಯಾಸೇಜ್ ನಂಬರ್ (ಎಷ್ಟನೇ ಸಲ ಹೊಸ ಪ್ಲೇಟಿಗೆ ಬದಲಿಸಿದ್ದು) ಎಲ್ಲ ಪ್ಲೇಟಿಗೂ ಒಂದೇ ಇರಲಿ, ಐದಾರು ದಾಟಿದ ಮೇಲೆ ಇವು ಸೋಮಾರಿಗಳಾಗುತ್ತವೆ. ಒಂದೇ ಮಗುವಿನ ಬಳ್ಳಿ ನಂಬಬೇಡಿ, ಬಳ್ಳಿಯಿಂದ ಬಳ್ಳಿಗೆ ಉತ್ತರ ಬೇರೆ ಇರುತ್ತದೆ.

ಹೆಬ್ಬಾಳದ ಹುಡುಗ

ಅಪ್‌ಡೇಟ್. ಸ್ವಲ್ಪ ದಿನ ಇಲ್ಲಿ ಬರಲಿಲ್ಲ, ಎಣಿಸುತ್ತಿದ್ದೆ. ಸೀರಮ್ ಇಲ್ಲದೆ ಮಾಡಿದ ಯು87 ಮೀಡಿಯಾ, ಫೈಬ್ರೋಬ್ಲಾಸ್ಟ್ ಮೀಡಿಯಾ, ಖಾಲಿ ಫ್ಲಾಸ್ಕ್ ಮೀಡಿಯಾ, ಮೂರೂ ಹಾಕಿದೆ. ಚೇಂಬರಿನಲ್ಲಿ ಎಣಿಸಿದರೂ ಯು87 ಮುಂದೆ. ಫೈಬ್ರೋಬ್ಲಾಸ್ಟ್ ಕೂಡ ಖಾಲಿಗಿಂತ ಮೇಲೆ ಇದೆ, ಆದರೆ ಯು87ನ ಹತ್ತಿರ ಬರುವುದಿಲ್ಲ. ಮೈಕೋಪ್ಲಾಸ್ಮಾ ಪಿಸಿಆರ್ ನೆಗೆಟಿವ್. ಗೈಡ್ ಫ್ರೀಜರಿನಿಂದ ಬೆವಾಸಿಜುಮ್ಯಾಬ್ ಕೊಟ್ಟರು. ಅದನ್ನು ಸೇರಿಸಿದರೆ ಯು87ನ ಏರಿಕೆ ಇಳಿಯಿತು, ಆದರೆ ಖಾಲಿಯ ಮಟ್ಟಕ್ಕೆ ಬರಲಿಲ್ಲ. ಎಲ್ಲಿ ಕೆಟ್ಟಿತು?

ಮಲ್ಲೇಶ್ವರಂ ಮೇಷ್ಟ್ರು

ಎಲ್ಲೂ ಕೆಟ್ಟಿಲ್ಲಪ್ಪ. ಹಾಗೇ ಬರಬೇಕು. ಇಳಿದಷ್ಟು ವಿಇಜಿಎಫ್ ಪಾಲು. ಉಳಿದದ್ದರಲ್ಲಿ ಎಫ್‌ಜಿಎಫ್ ಮತ್ತು ಅದರ ಬಳಗ ಇರಬಹುದು. ಪೂರ್ತಿ ಇಳಿದಿದ್ದರೇ ನನಗೆ ಅನುಮಾನ ಬರುತ್ತಿತ್ತು.

ಲ್ಯಾಬ್ ಅಕ್ಕ

ಎರಡು ವೆಲ್ (ಪ್ಲೇಟಿನ ಗುಳಿ) ಸೇರಿಸಿ. ಒಂದರಲ್ಲಿ ಯಾವುದಕ್ಕೂ ಅಂಟದ ಮಾಮೂಲಿ ಮನುಷ್ಯ ಐಜಿಜಿ ಆಂಟಿಬಾಡಿ, ಅಷ್ಟೇ ಪ್ರಮಾಣ. ಇಲ್ಲದಿದ್ದರೆ ಆಂಟಿಬಾಡಿ ಅನ್ನುವ ಪ್ರೋಟೀನ್ ಹಾಕಿದ್ದಕ್ಕೇ ಇಳಿಯಿತು ಅನ್ನುತ್ತಾರೆ. ಇನ್ನೊಂದರಲ್ಲಿ ಶುದ್ಧ ವಿಇಜಿಎಫ್ ಮತ್ತು ಬೆವಾಸಿಜುಮ್ಯಾಬ್ ಒಟ್ಟಿಗೆ. ಅಲ್ಲಿ ಬೆಳವಣಿಗೆ ಪೂರ್ತಿ ನಿಂತರೆ ನಿಮ್ಮ ಆಂಟಿಬಾಡಿ ಡೋಸ್ ಸಾಕಾಗಿದೆ ಅಂತ ಅರ್ಥ. ಒಂದು ಎಚ್ಚರ. ಈ ಆಂಟಿಬಾಡಿ ಹಿಡಿಯುವುದು ಮನುಷ್ಯನ ವಿಇಜಿಎಫ್. ನಿಮ್ಮ ಜೂನಿಯರ್ ಇದನ್ನೇ ಇಲಿಯ ಗಡ್ಡೆಯ ಸೆಲ್ ಮೇಲೆ ಮಾಡಿ "ಕೆಲಸ ಮಾಡ್ತಿಲ್ಲ" ಅಂದರೆ ಆಂಟಿಬಾಡಿಯನ್ನು ಬೈಯಬೇಡಿ.

ಹೆಬ್ಬಾಳದ ಹುಡುಗ

ಎರಡೂ ಹಾಕುತ್ತೇನೆ ಅಕ್ಕ. ಸ್ಲೈಡಿನ ಹೆಡ್ಡಿಂಗ್ ಹೀಗೆ ಬರೆದಿದ್ದೇನೆ: "ಯು87 ಮೀಡಿಯಾ ಆ್ಯಂಜಿಯೋಜೆನೆಸಿಸ್ ಉಂಟುಮಾಡುತ್ತದೆ." ಸರಿ ಇದೆಯಾ?

ಸುಮ್ನೆ ಕೇಳ್ತೀನಿ

ಆ್ಯಂಜಿಯೋಜೆನೆಸಿಸ್ ತೆಗೀರಿ. ನೀವು ತೋರಿಸಿದ್ದು ಸೆಲ್ ಸಂಖ್ಯೆ ಹೆಚ್ಚಿದ್ದು. ನಾಳ ಆಗಬೇಕಾದರೆ ಸೆಲ್ ಸುತ್ತಲಿನ ಪೊರೆ ಕರಗಿಸಬೇಕು, ಜರುಗಬೇಕು, ಕೊಳವೆ ಕಟ್ಟಬೇಕು, ರಕ್ತ ಹರಿಯಬೇಕು. ಅದರಲ್ಲಿ ಒಂದನ್ನೂ ನೀವು ನೋಡಿಲ್ಲ. ಹಾಗಂತ ಓಡಿಹೋಗಿ ಮ್ಯಾಟ್ರಿಜೆಲ್ ಅನ್ನುವ ಜೆಲ್ ಮೇಲೆ ಟ್ಯೂಬ್ ಅಸ್ಸೇ (ಕೊಳವೆ ಕಟ್ಟುತ್ತವಾ ಅಂತ ನೋಡುವ ಪರೀಕ್ಷೆ) ಮಾಡಿ ತರುವ ಮುಂಚೆ ಒಂದು ತಿಳಿದಿರಲಿ. ಮ್ಯಾಟ್ರಿಜೆಲ್ ತೆಗೆಯುವುದೇ ಇಲಿಯ ಸಾರ್ಕೋಮಾದಿಂದ, ಅದರಲ್ಲೂ ಗ್ರೋತ್ ಫ್ಯಾಕ್ಟರ್ ಇರುತ್ತವೆ. ಕಡಿಮೆ ಇರುವ ನಮೂನೆ ಬೇರೆಯಾಗಿ ಸಿಗುತ್ತದೆ, ಅದನ್ನೇ ತರಿಸಿ.

ಹೆಬ್ಬಾಳದ ಹುಡುಗ

"ಯು87 ಮೀಡಿಯಾದಲ್ಲಿ ಹ್ಯೂವೆಕ್ ಸಂಖ್ಯೆ ಹೆಚ್ಚುತ್ತದೆ, ಅದರಲ್ಲಿ ಒಂದು ಪಾಲು ವಿಇಜಿಎಫ್‌ನಿಂದ." ಈಗ?

ಮಲ್ಲೇಶ್ವರಂ ಮೇಷ್ಟ್ರು

ಇದನ್ನು ಹಿಡಿದುಕೊಂಡು ಹೋಗು. ಎಷ್ಟು ಬಳ್ಳಿ ಅಂತ ಕೆಳಗೆ ಬರೆ, ಮೊದಲ ಪ್ರಶ್ನೆ ಅದೇ ಬರುತ್ತದೆ.